ಮೂರು ಬೀಗದ ದೋಣಿಮನೆ

ಕೇಳ್ರಪ್ಪ, ಇವತ್ತು ಬೆಳಗ್ಗೆ ಹರಿಹರದ ಹೊಳೆದಂಡೆಗೆ ಹೋದರೆ ನಮ್ಮ ದೋಣಿಮನೆ ಒಂದು ಕಡೆಗೆ ವಾಲಿತ್ತು. ತಳ ಬಿರುಕು ಬಿಟ್ಟು ನೀರು ನುಗ್ಗುತ್ತಿತ್ತು. ಒಳಗೆ ಹೋಗಿ ಮೊಗೆಯೋಣವೆಂದರೆ ಬಾಗಿಲಿಗೆ ಮೂರು ಬೀಗ. ದೋಣಿ ಮೂರು ಮನೆಯವರದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬಳಸಬಾರದೆಂದು ಎಲ್ಲರೂ ಒಂದೊಂದು ಬೀಗ ಹಾಕಿದ್ದೇವೆ.

ನನ್ನದು ತೆಗೆದೆ. ಸುದ್ದಿ ತಿಳಿದು ಗುತ್ತೂರಿನಿಂದ ಸೈಕಲ್ ತುಳಿದು ಬಂದ ಇನ್ನೊಬ್ಬ ಪಾಲುದಾರ ರುದ್ರಣ್ಣ ತನ್ನದು ತೆಗೆದ. ಮೂರನೆಯದು ದಾವಣಗೆರೆಯಲ್ಲಿರುವ ನನ್ನ ಮೈದುನ ಶಿವಕುಮಾರನದು. ಬೂತಿಗೆ ಓಡಿ ಫೋನ್ ಮಾಡಿದೆ.

"ದೋಣಿ ಮುಳುಗಾಕ ಹತ್ತೈತೆ, ನಿನ್ನ ಬೀಗ ಒಡೀತೀವಿ."

"ಮುಟ್ಟಬ್ಯಾಡ್ರಿ ಅತ್ತಿಗಿ. ಸ್ನಾನ ಮುಗಿಸಿ ನಾನೇ ಬರ್ತೀನಿ."

"ಅಲ್ಲೀತನಕ ತಡಿ ಅಂತ ಹೊಳಿಗೆ ಹೇಳ್ಲೇನಪ್ಪ?"

ಫೋನ್ ಇಟ್ಟುಬಿಟ್ಟ.

ವಾಪಸ್ ಬರುವಷ್ಟರಲ್ಲಿ ನೀರು ಹೊಸ್ತಿಲು ಮುಟ್ಟಿತ್ತು. ರುದ್ರಣ್ಣ ಕಲ್ಲು ಹಿಡಿದು ಸುಮ್ಮನೆ ನಿಂತಿದ್ದ. "ಒಡದ್ರೆ ನಾಳೆ ಜಗಳ ಆಗತೈತೆ ಅಕ್ಕಾರೆ. ನಾ ಒಲ್ಲೆ."

ಅವನ ಕೈಯಿಂದ ಕಲ್ಲು ಕಸಿದುಕೊಂಡು, ಹರಿಹರೇಶ್ವರನನ್ನು ನೆನೆದು ಬೀಗ ಮುರಿಯುವ ತನಕ ಜಜ್ಜಿದೆ. ಇಬ್ಬರೂ ಸೊಂಟ ಹಿಡಿದುಕೊಳ್ಳುವ ತನಕ ನೀರು ಮೊಗೆದೆವು. ಬಿರುಕಿಗೆ ಹಳೇ ಬಟ್ಟೆ ತುರುಕಿ ಡಾಂಬರು ಮೆತ್ತಿದ ಮೇಲೆ ದೋಣಿ ನೆಟ್ಟಗಾಯಿತು.

ಮಧ್ಯಾಹ್ನ ಶಿವಕುಮಾರ ಸ್ಕೂಟರಿನಲ್ಲಿ ಬಂದ. ದೋಣಿ ಹೇಗಿದೆ ಎಂದು ಕೇಳಲಿಲ್ಲ.

"ಬೀಗ ಒಡದಿದ್ದು ಯಾರು?"

"ನಾನೇ."

"ಗೊತ್ತಿತ್ತು ಬಿಡ್ರಿ," ಎಂದವನೇ ಡಿಕ್ಕಿಯಿಂದ ಹೊಸ ಬೀಗ ತೆಗೆದ. ದಾರಿಯಲ್ಲೇ ಕೊಂಡು ತಂದಿದ್ದನಂತೆ, ಮೊದಲಿನದಕ್ಕಿಂತ ದೊಡ್ಡದು. ನೀರು ಮೊಗೆಯಲು ಒಂದು ಚೆಂಬನ್ನೂ ತಂದಿರಲಿಲ್ಲ.

ಹಾಕಿಕೊಳ್ಳಲಿ ಬಿಡಿ. ದೋಣಿ ಉಳಿಸಿದ ಸ್ವಾಮಿಗೆ ನಾಳೆ ಕಾಯಿ ಒಡೆಸುತ್ತೇನೆ. ಆ ಕಲ್ಲನ್ನು ಮಾತ್ರ ತೊಳೆದು ಬಾಗಿಲ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ.