ಬದಲಾಯಿಸದ ಟೇಪು

ಪ್ರಯೋಗಶಾಲೆಯ ಟೇಪಿನ ಯಂತ್ರವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ಅಕ್ಕನಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಹೊರಗಿನವರ ಮೇಲಲ್ಲ, ಒಡಹುಟ್ಟಿದ ತಂಗಿಯ ಮೇಲೆ. ತನ್ನ ಹಳೇ ಬಟ್ಟೆ ತೊಟ್ಟು ಬೆಳೆದವಳು ಡಾಕ್ಟರೇಟು ಹೊತ್ತು ಅಲ್ಲಿಗೇ ವಿಜ್ಞಾನಿಯಾಗಿ ಬಂದು, ಅಕ್ಕನಿಗೇ ಕೆಲಸ ಹೇಳುವಂತಾದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಕೆಲಸ ನಾಜೂಕಿನದು. ಕಣಗಳನ್ನು ಭಾರೀ ವೇಗದಲ್ಲಿ ಡಿಕ್ಕಿ ಹೊಡೆಸುವ ವೇಗವರ್ಧಕದಲ್ಲಿ ಹುಟ್ಟುವ ಭಾರವಾದ ಪರಮಾಣು ಬೀಜಗಳಿಗೆ ಅರ್ಧ ನಿಮಿಷದ ಆಯಸ್ಸು. ಅವು ಟೇಪಿನ ಮೇಲೆ ಬಂದು ಕೂರುತ್ತವೆ, ಟೇಪು ಸರ್ರನೆ ಅವನ್ನು ಡಿಟೆಕ್ಟರಿನ ಮುಂದೆ ಎಳೆದು ತರುತ್ತದೆ. ಅಲ್ಲಿ ಕ್ಷಯಿಸುವಾಗ ಅವು ಚೆಲ್ಲುವ ಗಾಮಾ ಕಿರಣಗಳು ಪರದೆಯ ಮೇಲೆ ಗೆರೆಗಳಾಗಿ ಏಳುತ್ತವೆ. ಬೀಜ ದುಂಡಗಿತ್ತೋ, ಸೋರೆಕಾಯಿಯಂತೆ ಉದ್ದಕ್ಕಿತ್ತೋ ಎಂಬುದನ್ನು ಆ ಗೆರೆಗಳಿಂದಲೇ ತಿಳಿಯಬೇಕು. ಟೇಪು ಸುತ್ತಿ ಸುತ್ತಿ ಬರುವುದರಿಂದ ಪ್ರತಿ ಪ್ರಯೋಗಕ್ಕೂ ಹೊಸದು ಹಾಕಬೇಕು. ಇಲ್ಲದಿದ್ದರೆ ಹಿಂದಿನ ಪ್ರಯೋಗದಲ್ಲಿ ಅಂಟಿ ಬಹುಕಾಲ ಬಾಳುವ ಕೊಳೆಯೇ ಹೊಸ ವೇಷದಲ್ಲಿ ಎದುರಿಗೆ ಬರುತ್ತದೆ.

ತಂಗಿ "ಅಕ್ಕಾ, ಸ್ವಲ್ಪ ಬೇಗ" ಎಂದ ದಿನ, ಆ ಮುನಿಸಿನಲ್ಲಿ ಅಕ್ಕ ಟೇಪು ಬದಲಾಯಿಸುವುದನ್ನೇ ಮರೆತಳು. ಮೂರನೇ ದಿನ ಪರದೆಯಲ್ಲಿ, ಇಂಥ ಪ್ರಯೋಗದಲ್ಲಿ ಈವರೆಗೆ ಯಾರೂ ಕಂಡಿರದ ಗೆರೆಯೊಂದು ಎದ್ದಿತು. ಮುಖ್ಯಸ್ಥರು ತಂಗಿಯನ್ನು ಹೊಗಳಿ ಅಟ್ಟಕ್ಕೇರಿಸಿ, ನಾಳೆ ಸಭೆಯಲ್ಲಿ ಎಲ್ಲರಿಗೂ ತಿಳಿಸು ಎಂದರು.

ಅಂದು ಸಂಜೆ ವೇಗವರ್ಧಕ ನಿಂತು ಅರ್ಧ ಗಂಟೆಯಾದರೂ ಆ ಗೆರೆ ಬೆಳೆಯುತ್ತಲೇ ಇದ್ದುದನ್ನು ಅಕ್ಕ ಕಂಡಳು. ಅರ್ಧ ನಿಮಿಷದ ಆಯಸ್ಸಿನದು ಇಷ್ಟು ಹೊತ್ತು ಬದುಕುವುದುಂಟೇ? ಹಳೇ ಟೇಪು! ಹೇಳಿದರೆ ತನ್ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಎಂದಾದರೊಂದು ದಿನ ತಂಗಿಯ ಮಾನ ಹರಾಜು. ನಿಜ ಹೇಳಬೇಕೆಂದರೆ, ಎರಡನೆಯದು ಅವಳಿಗೆ ಹಿತವಾಗಿಯೇ ಕಂಡಿತು. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋದಳು.

ಮರುದಿನ ಸಭೆಯಲ್ಲಿ, ಅಕ್ಕ ಹಿಂದಿನ ಸಾಲಿನಿಂದ ನೋಡುತ್ತಿದ್ದಂತೆ, ತಂಗಿ ಎದ್ದು ನಿಂತಳು. "ಆ ಗೆರೆ ಹೊಸದಲ್ಲ ಸಾರ್. ಬೆಳಿಗ್ಗೆ ಮತ್ತೆ ಪರೀಕ್ಷೆ ಮಾಡ್ದೆ, ಹಳೇ ಟೇಪಿಂದು. ಟೈಮಿಲ್ಲ, ಬದಲಾಯಿಸೋದು ಬೇಡ ಅಂತ ಅಕ್ಕಂಗೆ ನಾನೇ ಹೇಳಿದ್ದೆ."

ಮುಖ್ಯಸ್ಥರು ಎಲ್ಲರೆದುರು ಅವಳ ಬೆವರಿಳಿಸಿದರು. ಆರು ತಿಂಗಳು ಅವಳಿಗೆ ಪ್ರಯೋಗದ ಸರದಿಯೇ ಇಲ್ಲವೆಂದರು.

ಹೊರಗೆ ಬಂದವಳನ್ನು ಅಕ್ಕ ಕಾರಿಡಾರಿನಲ್ಲಿ ತಡೆದಳು. "ನೀನ್ಯಾವಾಗ ಹಾಗೆ ಹೇಳಿದ್ದೆ? ಯಾಕೆ ಸುಳ್ಳು ಹೇಳ್ದೆ?"

"ನಿನ್ನ ಕೆಲಸ ಹೋಗ್ತಿತ್ತಲ್ಲಕ್ಕಾ. ನಂದೇನು, ಆರು ತಿಂಗಳು."

ತಬ್ಬಿಕೊಳ್ಳಬೇಕಿತ್ತು. ಆದರೆ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಬೈಸ್ಕೊಳ್ಳೋದ್ರಲ್ಲೂ ನೀನೇ ಮುಂದೆ ಇರಬೇಕಾ?" ಎಂದು ಸಿಡುಕಿದಳು. ನಿನ್ನೆ ಸಂಜೆಯೇ ನನಗೆ ಗೊತ್ತಿತ್ತು ಎಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ.