ಸೈರನಕ್ಕ ಮೆಲ್ಲಗೆ ದನಿ ಏರಿಸಿದ್ದು

ಸೈರನಕ್ಕ ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ, ಅದನ್ನು ಇಡೀ ಬೀದಿಯೇ ಕಾಪಾಡಬೇಕಾಗುತ್ತಿತ್ತು. ತಪ್ಪು ಅವಳದಲ್ಲ. ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೂ ಬಟ್ಟೆ ಗಿರಣಿಯಲ್ಲಿ ಮಗ್ಗದ ಮಗ್ಗುಲಲ್ಲೇ ಬದುಕಿದವಳು. ಅಲ್ಲಿ ‘ನೀರು ಕೊಡೇ’ ಎನ್ನುವುದಕ್ಕೂ ಮನೆಗೆ ಬೆಂಕಿ ಬಿದ್ದವರಂತೆ ಕೂಗಬೇಕು. ಅಕ್ಕ ಗಿರಣಿ ಬಿಟ್ಟಳು; ಗಿರಣಿ ಅವಳ ಗಂಟಲು ಬಿಡಲಿಲ್ಲ.

ಕೈಕಟ್ಟಿ ಕೂರಲಾರದೆ ಬಡಾವಣೆಯ ವೃಂದಗಾನ ತಂಡ ಸೇರಿದಳು. ಮೊದಲ ದಿನ ಮನೆಗೆ ಬಂದವಳೇ, “ರೀ, ಇಷ್ಟು ವರ್ಷ ಸುಮ್ನೆ ಬಾಯಿ ಮುಚ್ಕೊಂಡಿದ್ದೆ” ಎಂದಳು.

“ಹೌದಾ? ನಂಗೆ ಗೊತ್ತೇ ಆಗ್ಲಿಲ್ವಲ್ಲೇ” ಎಂದ, ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಗಂಡ.

ಎಡವಟ್ಟಾದದ್ದು ಕ್ರೆಶೆಂಡೋದಲ್ಲಿ. ಕಾರ್ಯಕ್ರಮಕ್ಕೆ ಆರಿಸಿದ ಹಾಡು ಪಿಸುಮಾತಿನಲ್ಲಿ ಹುಟ್ಟಿ, ಸಾಲಿನಿಂದ ಸಾಲಿಗೆ ಬೆಳೆದು, ಕೊನೆಗೆ ಸೂರು ಹಾರಿಸಬೇಕು. ಅಕ್ಕ ಮೊದಲ ಸಾಲಿಗೇ ಸೂರು ಹಾರಿಸಿದಳು.

“ಅಕ್ಕಾ, ಇಲ್ಲಿ ಕ್ರೆಶೆಂಡೋ ಅಂತ ಬರೆದಿದೆಯಲ್ಲ?” ಹಾಡು ಕಲಿಸುವ ಮೇಷ್ಟ್ರು ಅಂಗಲಾಚಿದರು.

“ಅದಕ್ಕೇ ಜೋರಾಗಿ ಹಾಡಿದ್ದು ಮೇಷ್ಟ್ರೇ. ಟೀವಿಯವರು ಹೇಳ್ತಾರಲ್ಲ, ಗದ್ದಲ ಕ್ರೆಶೆಂಡೋ ಮುಟ್ಟಿತು ಅಂತ.”

“ಮುಟ್ಟೋದಲ್ಲಕ್ಕಾ, ಹತ್ತೋದು. ಇಟಲಿ ಮಾತು ಅದು, ‘ಬೆಳೀತಾ ಬೆಳೀತಾ’ ಅಂತ. ಅದು ಮೆಟ್ಟಿಲು; ಮಹಡಿಯಲ್ಲ. ಆ ಪದ ಕಂಡ ಕಡೆ ದನಿ ಸಣ್ಣದಿರಬೇಕು. ಇಲ್ದಿದ್ರೆ ಬೆಳೆಯೋಕೆ ಜಾಗ ಎಲ್ಲಿದೆ?”

ಅಕ್ಕನಿಗೆ ಅರ್ಥವಾಯಿತು, ಗಂಟಲಿಗೆ ಆಗಲಿಲ್ಲ. ಕೊನೆಗೆ ಮೇಷ್ಟ್ರು ಹೇಳಿಯೇಬಿಟ್ಟರು: “ಮುಂದಿನ ವಾರವೂ ಹೀಗೇ ಆದ್ರೆ, ಕಾರ್ಯಕ್ರಮದಲ್ಲಿ ನೀವು ಕೇಳೋರ ಜೊತೆ ಕೂತ್ಕೋಬೇಕಾಗುತ್ತೆ.”

ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳೂ ಸದ್ದು ಮಾಡಲಿಲ್ಲ. ಗಂಡನಿಗೆ ದಿಗಿಲಾಯಿತು.

“ಏನಾಯ್ತೇ?”

“ನನ್ನ ತೆಗೀತಾರಂತೆ ರೀ.” ಪಕ್ಕದ ಮನೆಗೂ ಕೇಳಿಸದ ದನಿ.

ಗಂಡ ತಲೆ ಕೆರೆದುಕೊಂಡ. “ಬೆಳಗ್ಗೆ ಮಗ್ಗ ಒಂದೊಂದೇ ಶುರುವಾಗೋವಾಗ ನಾವು ಮಾತಾಡ್ತಿರ್ಲಿಲ್ವಾ? ಒಂದು ಓಡಿದ್ರೆ ಇಷ್ಟು ದನಿ, ಎರಡು ಓಡಿದ್ರೆ ಇನ್ನಷ್ಟು. ನೀನು ಮದುವೆಗೆ ಒಪ್ಪಿದ್ದೂ ಹಾಗೇ. ಮೊದಲು ‘ಹೂಂ’ ಅಂದೆ. ಕೊನೆಗೆ ಇಡೀ ಶೆಡ್ಡಿಗೇ ಕೇಳಿಸ್ತು.”

“ನೀವು ‘ಏನು, ಏನು’ ಅಂತಿದ್ರಲ್ಲ, ಮತ್ತೇನು ಮಾಡ್ಲಿ?”

ವಾರವಿಡೀ ಗಂಡ ಊಟದ ಮೇಜು ಕುಟ್ಟಿದ. ಮೊದಲು ಒಂದು ಬೆರಳು, ಆಮೇಲೆ ಎರಡು, ಆಮೇಲೆ ಇಡೀ ಅಂಗೈ. ಆ ಸದ್ದಿಗಿಂತ ಒಂದೆಳೆಯಷ್ಟೇ ಜೋರಾಗಿ ಕೇಳುವಂತೆ ಅಕ್ಕ ಹಾಡಿದಳು.

ಅಭ್ಯಾಸದ ದಿನ ಗಂಡ ಹಿಂದಿನ ಬೆಂಚಿನಲ್ಲಿ ಕೂತ. ಅಕ್ಕ ಕಣ್ಣು ಮುಚ್ಚಿದಳು. ಮೊದಲ ಸಾಲು ಪಕ್ಕದವಳಿಗಷ್ಟೇ ಕೇಳಿಸಿತು. ಅವಳ ತಲೆಯೊಳಗೆ ಮಗ್ಗಗಳು ಒಂದೊಂದೇ ಎದ್ದವು, ಬೆನ್ನಿಗೇ ದನಿಯೂ ಎದ್ದಿತು. ಕೊನೆಯ ಸಾಲಿಗೆ ಕಿಟಕಿಯ ಗಾಜು ನಡುಗಿತು. ಮೇಷ್ಟ್ರ ಕೈ ಕೆಳಗಿಳಿಯಿತು, ಹಾಡು ನಿಂತಿತು.

ಅಕ್ಕ ನಿಲ್ಲಲಿಲ್ಲ. ಕಣ್ಣು ಮುಚ್ಚಿದವಳಿಗೆ ಮೇಷ್ಟ್ರ ಕೈ ಕಾಣುವುದೆಲ್ಲಿಂದ? ಮಗ್ಗಗಳು ಓಡುತ್ತಲೇ ಇದ್ದವು.

ಗಂಡ ಎದ್ದು ನಿಂತು ಕಿರುಚಿದ: “ಕರೆಂಟ್ ಹೋಯ್ತು ಕಣೇ!”

ಅಕ್ಕನ ಬಾಯಿ ತಟ್ಟನೆ ಮುಚ್ಚಿತು.

ಮೇಷ್ಟ್ರು ಹಾಡಿನ ಹಾಳೆಯಲ್ಲಿ ಮುಖ ಹುದುಗಿಸಿ ನಕ್ಕರು. “ಅಕ್ಕಾ, ನೀವು ತಂಡದಲ್ಲಿರ್ತೀರಿ. ಬೆಳೆಯೋದು ಬಂತು. ನಿಲ್ಲೋಕೆ ಮಾತ್ರ ಕಣ್ಣು ಬಿಟ್ಕೊಂಡಿರಿ.”

“ಕಣ್ಣು ಬಿಟ್ರೆ ಮಗ್ಗ ಕಾಣಲ್ಲ ಮೇಷ್ಟ್ರೇ.”

ಮೇಷ್ಟ್ರು ಬೆಂಚಿನ ಕಡೆ ತಿರುಗಿದರು. “ಯಜಮಾನ್ರೇ, ಒಳ್ಳೇ ಬಿಳಿ ಅಂಗಿ ಇದೆಯಾ? ಕಾರ್ಯಕ್ರಮದ ದಿನ ಅಕ್ಕನ ಹಿಂದೆ ನಿಂತ್ಕೊಳ್ಳಿ. ಹಾಡಬೇಡಿ. ಹಾಡು ಮುಗಿದ ಕೂಡ್ಲೇ ಭುಜ ಮುಟ್ಟಿ, ನಿಲ್ಲಿಸ್ತಾರೆ.”

“ಅಂಗಿ ಇದೆ” ಎಂದ ಗಂಡ. “ಮುಟ್ಟಿದ್ರೆ ನಿಲ್ಲಿಸ್ತಾಳೆ ಅಂತ ನಿಮಗ್ಯಾರು ಹೇಳಿದ್ದು?”