ಗುಡಿಸಿದವಳೇ ಸಾಕ್ಷಿ

ಬೆಳಗಿನ ಆರು ಗಂಟೆ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಪೌರಕಾರ್ಮಿಕೆ ಜಟ್ಟೆಮ್ಮ ಸೆರಗು ಸಿಕ್ಕಿಸಿ ಗುಡಿಸುತ್ತಿದ್ದಾರೆ. ಕೋಳಿ ಪುಕ್ಕ, ಚಹದ ಲೋಟ, ರಾತ್ರಿಯ ಬಿರಿಯಾನಿ ಪೊಟ್ಟಣ ಒಂದೆಡೆ ಗುಡ್ಡೆಯಾಗುತ್ತಿವೆ. ಪೊಲೀಸ್ ಜೀಪೊಂದು ಪಕ್ಕದಲ್ಲಿ ನಿಧಾನವಾಗಿ, ಮುಂದೆ ಹೋಗುತ್ತದೆ. "ದಿನಾ ಬರ್ತಾರ್ರೀ. ನಾ ಬಂದೀನೋ ಇಲ್ಲೋ ನೋಡಾಕ," ಎಂದು ಮತ್ತೆ ಪೊರಕೆ ಆಡಿಸುತ್ತಾರೆ.

ಜಟ್ಟೆಮ್ಮ ಯಾದಗಿರಿ ಕಡೆಯವರು. ಗಂಡ ಭೀಮು ಗಾರೆ ಕೆಲಸಗಾರ. ಕೆ.ಆರ್.ಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಐದರ ಬಸ್ಸು ತಪ್ಪಿದರೆ ಹಾಜರಿಯೂ ತಪ್ಪಿತು. ಹನ್ನೊಂದು ವರ್ಷದಿಂದ ಇದೇ ಬೀದಿ, ದಿನಕ್ಕೆ ನಾಲ್ಕು ಗಾಡಿ ಕಸ.

ಎರಡು ವರ್ಷದ ಹಿಂದೆ, ಇಷ್ಟೇ ಹೊತ್ತಿಗೆ, ಸೈಕಲ್ ಮೇಲೆ ಚಹ ಮಾರುವ ಮುನಾವರ್ ಅವರನ್ನು ಒಬ್ಬ ಸಬ್‌ಇನ್‌ಸ್ಪೆಕ್ಟರ್ ಇಲ್ಲಿಯೇ ಲಾಠಿಯಿಂದ ಬಡಿದರು. ಸೈಕಲ್ ಸರಿಸುವುದು ತಡವಾಯಿತು, ಅಷ್ಟೇ ನೆಪ. ದವಡೆ ಮುರಿದು ಬಿದ್ದಿದ್ದ ಮುನಾವರ್ ಅವರನ್ನು ಜೀಪಿಗೆ ತುಂಬಿದ ಮೇಲೆ ಸಾಹೇಬರು ಜಟ್ಟೆಮ್ಮನಿಗೆ "ಬೇಗ ಗುಡಿಸು" ಎಂದರು. ಅವರು ಗುಡಿಸಿದರು. ರಕ್ತ ಮೆತ್ತಿದ ಮಣ್ಣು, ಎರಡು ಹಲ್ಲು, ಲಾಠಿಯ ಚೂರು ಎಲ್ಲ ಕಸದ ಗಾಡಿ ಸೇರಿದವು. ಮುನಾವರ್ ಕಾಲು ಜಾರಿ ಬಿದ್ದರೆಂದು ಠಾಣೆಯಲ್ಲಿ ಬರೆದುಕೊಂಡರು.

"ಅದನ್ನ ಕೇಳಿ ಅನ್ನ ಇಳೀಲಿಲ್ರೀ. ನನ್ನ ಕೈಯಿಂದನ ಎಲ್ಲಾ ಹೋತಲ್ಲ ಅಂತ." ಮೂರನೇ ದಿನ ಆಸ್ಪತ್ರೆಗೆ ಹೋಗಿ, ಕಂಡದ್ದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆಂದು ಮುನಾವರ್ ಹೆಂಡತಿಗೆ ಮಾತು ಕೊಟ್ಟರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯಬೇಡ ಎಂದು ಭೀಮು ಗದರಿದರು. ಕೊಟ್ಟ ಮಾತು ಕೊಟ್ಟಾಗಿತ್ತು.

ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರಕ್ಕೆ ಒಂಬತ್ತು ಸಲ ಅಲೆದರು. ಎಂಟು ಸಲ ವಿಚಾರಣೆ ಮುಂದಕ್ಕೆ ಹೋಯಿತು. ಈ ಹೆಂಗಸು ಬೇಸತ್ತು ಬಿಟ್ಟಾಳು ಎಂದು ಯಾರೋ ಎಣಿಸಿದ್ದಿರಬೇಕು. ಆ ಎಣಿಕೆ ತಲೆಕೆಳಗಾಯಿತೆಂದು ಬರೆಯಲು ನನಗೆ ಖುಷಿಯೇ. ಒಂಬತ್ತನೇ ಸಲ ಸಾಹೇಬರ ವಕೀಲರು, "ಎಲ್ಲಾ ನೀವೇ ಗುಡಿಸಿ ಹಾಕಿದ್ಮೇಲೆ ಸಾಕ್ಷಿ ಎಲ್ಲಮ್ಮ?" ಎಂದು ನಕ್ಕರಂತೆ.

"ಗುಡಿಸಿದಾಕಿ ನಾನರೀ," ಎಂದರು ಜಟ್ಟೆಮ್ಮ. "ಅಲ್ಲಿ ಏನೇನ್ ಬಿದ್ದಿತ್ತಂತ ನನ್ನ ಬಿಟ್ಟು ಯಾರಿಗೆ ಗೊತ್ತಿರತದ?"

ಲಾಠಿ ಬೀಸಿದ ದಿನದ ಹಾಜರಿ ಪುಸ್ತಕದಲ್ಲಿ ಇದೇ ಬೀದಿಯ ಹೆಸರಿನ ಮುಂದೆ ಅವರ ಹೆಬ್ಬೆಟ್ಟು ಇತ್ತು. ಸಬ್‌ಇನ್‌ಸ್ಪೆಕ್ಟರ್ ಅಮಾನತಾದರು, ಮೊಕದ್ದಮೆ ಕೋರ್ಟಿಗೆ ಬಂದಿದೆ. "ಅಕ್ಕ ಬಾಯಿ ಬಿಡದೆ ಇದ್ದಿದ್ರೆ ನಾನೇ ಬಿದ್ದೆ ಅಂತ ಕೇಸ್ ಖತಂ ಆಗ್ತಿತ್ತು," ಎನ್ನುತ್ತಾರೆ ಮುನಾವರ್. ಚಪಾತಿಯನ್ನು ಇವತ್ತಿಗೂ ಚಹದಲ್ಲಿ ನೆನೆಸಿಯೇ ತಿನ್ನುತ್ತಾರೆ.

ಮುಂದಿನ ತಿಂಗಳು ಜಟ್ಟೆಮ್ಮ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅಲ್ಲಿಯವರೆಗೆ ಬೇರೆ ಬೀದಿ ಕೊಡುತ್ತೇನೆಂದು ಹಾಜರಿ ಹಾಕುವ ಮೇಸ್ತ್ರಿ ಹೇಳಿದರೂ ಒಪ್ಪಿಲ್ಲ. ಹೆದರಿ ಹೋದಳು ಅನ್ನುತ್ತಾರಲ್ಲ ಎಂಬುದು ಅವರ ವಾದ. ಕೋರ್ಟಿನಿಂದ ಏನು ಬಯಸುತ್ತೀರಿ ಎಂದು ಕೇಳಿದೆ. ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಬೀದ್ಯಾಗ ಯಾರೂ ಇರಲಿಲ್ಲ ಅಂತ ಸಾಹೇಬ್ರು ಬರದು ಕೊಟ್ಟಾರ. ಹಂಗಾದ್ರ ಗುಡಿಸು ಅಂತ ಹೇಳಿದ್ದು ಯಾರಿಗೆ? ಯಾರೂ ಇರಲಿಲ್ಲ ಅಂತ ನನ್ನ ಮುಖ ನೋಡಿ ಹೇಳಲಿ ರೀ, ಸಾಕು."